ಗಂಗಾವತಿಯ ವೇಬ್ರಿಡ್ಜ್‌ನಲ್ಲಿ ಬಿದ್ದ ಪೈಥಾನ್

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಕಂಪ್ಯೂಟರ್ ಬದಲಿಸಿದ ಮೇಲೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ವೇಬ್ರಿಡ್ಜ್ (ಲಾರಿ ತೂಗುವ ಕಟ್ಟೆ) ಪ್ರೋಗ್ರಾಂ ಆಗಾಗ ಬೀಳತೊಡಗಿತ್ತು, ಅಂದರೆ ನಡುವೆಯೇ ನಿಂತುಹೋಗುತ್ತಿತ್ತು. ಹಳೆಯದರಲ್ಲಿ ಇದ್ದದ್ದು ಉಬುಂಟು 16.04 ಎಂಬ ಲಿನಕ್ಸ್, ಪೈಥಾನ್ 3.5. ಹೊಸದರಲ್ಲಿ ಡೆಬಿಯನ್ 12 ಎಂಬ ಲಿನಕ್ಸ್, ಪೈಥಾನ್ 3.11. ತೂಕ ತೋರಿಸುವ ಇಂಡಿಕೇಟರಿನ ಅಂಕಿ ಓದಿ ದಾಖಲೆ ಕಟ್ಟುವ ಕೆಲಸಕ್ಕೆ ಪೈಥಾನಿಗೆ ಜೋಡಿಸಿದ ಸಿ ಭಾಷೆಯ ಚಿಕ್ಕ ಎಕ್ಸ್‌ಟೆನ್ಶನ್ ಒಂದಿತ್ತು. ಅದನ್ನು ಮತ್ತೆ ಕಂಪೈಲ್ ಮಾಡಿದಾಗ ಒಂದು ವಾರ್ನಿಂಗೂ ಬಂದಿರಲಿಲ್ಲ.

“ಮೊದಲ್ನೇ ತೂಕಕ್ಕ ಬೀಳ್ತೈತ್ರಿ ಸರ್, ಸ್ಲಿಪ್ ತೆಗಿಯಾಗ ಏನೂ ಆಗಂಗಿಲ್ರಿ” ಎಂದ ಆಪರೇಟರ್. ಲಾಗ್ ಫೈಲಿಗಿಂತ ಈ ಮಾತೇ ಹೆಚ್ಚು ಕೆಲಸಕ್ಕೆ ಬಂತು. ಮೊದಲ ತೂಕದ ದಾಖಲೆಯಲ್ಲಿ ಲಾರಿ ನಂಬರು, ತೂಕ ಇಷ್ಟೇ. ನೂರು ಬೈಟ್ ಕೂಡ ಆಗದು. ಸ್ಲಿಪ್‌ನಲ್ಲಿ ರೈತರ ಹೆಸರು, ಊರು, ಚೀಲ, ತೇವಾಂಶ ಎಲ್ಲ ಕನ್ನಡದಲ್ಲಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಒತ್ತು-ಗುಣಿತ ಸೇರಿದರೆ ಇನ್ನೂ ಹೆಚ್ಚು. 512 ಬೈಟ್ ದಾಟುವುದು ಸುಲಭ.

ಈ 512ರಲ್ಲೇ ಗಂಟು. ಎಕ್ಸ್‌ಟೆನ್ಶನ್ ಮೆಮೊರಿಯಲ್ಲಿ ಜಾಗ ಕೇಳುತ್ತಿದ್ದುದು ಪೈಥಾನಿನ ಪೈಮೆಮ್_ಮ್ಯಾಲಕ್ ಎಂಬ ಫಂಕ್ಷನ್‌ನಿಂದ, ಬಿಡುತ್ತಿದ್ದುದು ಸಿ ಲೈಬ್ರರಿಯ ಫ್ರೀಯಿಂದ. 3.5ರವರೆಗೆ ಪೈಮೆಮ್_ಮ್ಯಾಲಕ್ ನೇರ ಸಿ ಲೈಬ್ರರಿಯ ಜಾಗ ಕೊಡುವ ಮ್ಯಾಲಕ್ಕನ್ನೇ ಕರೆಯುತ್ತಿತ್ತು, ತಪ್ಪು ಮುಚ್ಚಿಹೋಗಿತ್ತು. 3.6ರಿಂದ 512 ಬೈಟ್ ಒಳಗಿನದ್ದೆಲ್ಲ ಪೈಥಾನಿನ ಸ್ವಂತ ಪೈಮ್ಯಾಲಕ್ ಮೊದಲೇ ತೆಗೆದಿಟ್ಟುಕೊಂಡ ಪೂಲ್‌ನಿಂದ ಬರುತ್ತದೆ. ಅದಕ್ಕೂ ದೊಡ್ಡದು ಮಾತ್ರ ಮ್ಯಾಲಕ್‌ಗೆ ಹೋಗುತ್ತದೆ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಫ್ರೀ, ತನಗೆ ಕೊಟ್ಟ ಪಾಯಿಂಟರ್‌ನ (ಜಾಗದ ವಿಳಾಸ) ಹಿಂದಿನ 8 ಬೈಟ್‌ಗಳನ್ನು ಗಾತ್ರವೆಂದು ಓದುತ್ತದೆ. ಪೂಲ್‌ನಲ್ಲಿ ಅಲ್ಲಿರುವುದು ಪಕ್ಕದ ಬ್ಲಾಕಿನ ಬಾಲ. ಸೊನ್ನೆ ಸಿಕ್ಕರೆ ‘ಇನ್‌ವ್ಯಾಲಿಡ್ ಪಾಯಿಂಟರ್’ ಎಂದು ಅಲ್ಲೇ ನಿಲ್ಲುತ್ತದೆ. ನಂಬುವಂಥ ಅಂಕಿ ಸಿಕ್ಕರೆ ಸುಮ್ಮನೆ ಒಪ್ಪಿಕೊಂಡು ಆಮೇಲೆ ಇನ್ನೆಲ್ಲೋ ಬೀಳಿಸುತ್ತದೆ. ದೋಷ ಹುಡುಕುವ ಸಾಧನ ಜಿಡಿಬಿಯ ಬ್ಯಾಕ್‌ಟ್ರೇಸ್ (ಎಲ್ಲಿ ಬಿತ್ತೆಂಬ ಪಟ್ಟಿ) ಆಗ ಸಂಬಂಧವಿಲ್ಲದ ಸಾಲು ತೋರಿಸುತ್ತದೆ. ಹೀಗೆ ತೂಗಾಡಿಸುವುದಕ್ಕಿಂತ ಮ್ಯಾಕ್‌ನ ಫ್ರೀ ಎಷ್ಟೋ ಮೇಲು: ನೀವು ಬಿಡುತ್ತಿರುವ ಜಾಗ ಕೊಟ್ಟದ್ದೇ ಅಲ್ಲ ಎಂದು ಹೇಳಿ ಪ್ರೋಗ್ರಾಮನ್ನೇ ಮುಗಿಸುತ್ತದೆ.

ಪರೀಕ್ಷೆಗೆ ಪೈಥಾನ್‌ಮ್ಯಾಲಕ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಸಾಕು. ಹೆಸರು, ಅಂಡರ್‌ಸ್ಕೋರ್ ಇಲ್ಲದೆ, ಇಂಗ್ಲಿಷ್ ದೊಡ್ಡಕ್ಷರದಲ್ಲಿರಬೇಕು: PYTHONMALLOC. ಬೆಲೆ ‘ಮ್ಯಾಲಕ್’ ಎಂದಿಟ್ಟಾಗ ಪೂಲ್ ಬಿಟ್ಟು ಎಲ್ಲ ಜಾಗವೂ ಮ್ಯಾಲಕ್‌ನಿಂದಲೇ ಬಂದು ಪ್ರೋಗ್ರಾಂ ಬೀಳಲೇ ಇಲ್ಲ. ಇದನ್ನೇ ಪರಿಹಾರವೆಂದು ಬಿಟ್ಟುಬಿಡುವವರಿದ್ದಾರೆ. ಅದು ಪರಿಹಾರವಲ್ಲ, ಸುಳಿವು. ‘ಡೀಬಗ್’ ಎಂದಿಟ್ಟಾಗ ಸ್ಲಿಪ್ ತೆಗೆಯುವಾಗಲೂ ಬಿತ್ತು, ಏಕೆಂದರೆ 64 ಬಿಟ್‌ನಲ್ಲಿ ಡೀಬಗ್‌ನ ತಪಾಸಣೆ ಪದರ ಪ್ರತಿ ಬ್ಲಾಕಿನ ಮುಂದೆ 16 ಬೈಟ್ ತನಗಿಟ್ಟುಕೊಳ್ಳುತ್ತದೆ. ಫ್ರೀಗೆ ಹೋಗುವ ವಿಳಾಸ ಆಗ ಎಂದೂ ಮ್ಯಾಲಕ್ ಕೊಟ್ಟ ವಿಳಾಸವಲ್ಲ.

ಫ್ರೀ ಇದ್ದಲ್ಲೆಲ್ಲ ಪೈಮೆಮ್_ಮ್ಯಾಲಕ್‌ನ ಜೋಡಿಯಾದ ಪೈಮೆಮ್_ಫ್ರೀ ಹಾಕಿದ್ದಾಯಿತು. ಡೀಬಗ್ ತೆಗೆಯದೆ ಮತ್ತೆ ಓಡಿಸಿದರೆ ಇನ್ನೊಂದು ದೂರು: ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಓಡಿಸುವಂತೆ ಕಾಯುವ ಬೀಗ) ಹಿಡಿಯದೆ ಜಾಗ ಕೇಳಲಾಗಿದೆ. ಇಂಡಿಕೇಟರಿನ ಅಂಕಿ ಬರುವ ಸೀರಿಯಲ್ ಪೋರ್ಟಿಗಾಗಿ ಕಾಯುವಾಗ ಬೀಗ ಬಿಟ್ಟುಕೊಟ್ಟು, ಅದೇ ಸ್ಥಿತಿಯಲ್ಲಿ ಬಫರ್ (ಅಂಕಿ ಹಿಡಿದಿಡುವ ಜಾಗ) ಕೇಳುತ್ತಿತ್ತು. ಆ ಸಾಲನ್ನು ಬೀಗ ಬಿಡುವುದಕ್ಕೆ ಮೊದಲೇ ತಂದಿಟ್ಟೆವು. ಬಫರ್ ಬೇರೆ ಲೈಬ್ರರಿಯ ಕೈಗೆ ಹೋಗಿ ಅಲ್ಲೇ ಬಿಡುಗಡೆಯಾಗುವಂತಿದ್ದರೆ ಜಿಐಎಲ್ ಕೇಳದ ಪೈಮೆಮ್_ರಾಮ್ಯಾಲಕ್ ಕೂಡ ಬೇಡ, ಡೀಬಗ್‌ನ 16 ಬೈಟ್ ಅಲ್ಲೂ ಅಡ್ಡ ಬರುತ್ತದೆ. ಅಲ್ಲಿ ಬರೀ ಮ್ಯಾಲಕ್ ಸರಿ.