ಟನ್ ಲೆಕ್ಕ ಆಮೇಲೆ, ಮೊದಲು ನೆಲ ನೋಡಿ

ಮನೆಯಲ್ಲೇ ಕಾರಿನ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳುವವರು ಈಗ ಜಾಸ್ತಿ. ಆಯಿಲ್ ಬದಲಿಸುತ್ತಾರೆ, ಬ್ರೇಕ್ ಪ್ಯಾಡ್ ಹಾಕಿಕೊಳ್ಳುತ್ತಾರೆ. ಒಳ್ಳೆಯದೇ. ಗ್ಯಾರೇಜಿಗೆ ಬಂದಾಗ ಜಾಕ್ ಸ್ಟ್ಯಾಂಡ್ (ಜಾಕ್‌ನಿಂದ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಆಧಾರ) ಬಗ್ಗೆ ಅವರು ಕೇಳುವ ಪ್ರಶ್ನೆ ಮಾತ್ರ ಒಂದೇ: "ಅಣ್ಣಾ, ಎಷ್ಟು ಟನ್ನಿಂದು ತಗೊಳ್ಳಲಿ?" ಕಾರಿನ ಕೆಳಗೆ ಮಲಗೋದೇ ನನ್ನ ಹೊಟ್ಟೆಪಾಡು. ನನಗೆ ಅದು ಕೊನೆಯ ಪ್ರಶ್ನೆ. ಭಾರ ತಾಳದೆ ಸ್ಟ್ಯಾಂಡ್ ಮುರಿಯುವುದು ಅಪರೂಪ. ನೆಲ ಕುಸಿಯುತ್ತದೆ, ಸ್ಟ್ಯಾಂಡ್ ಸರಿಯಾಗಿ ಕೂತಿರುವುದಿಲ್ಲ, ಇಲ್ಲಾ ಕಾರು ಪಕ್ಕಕ್ಕೆ ಜರುಗುತ್ತದೆ. ಕಾರು ಬೀಳುವುದು ಹೀಗೆ.

ಆದರೂ ಕೇಳಿದ್ದಾರಲ್ಲ, ಟನ್ ಮಾತು ಬೇಗ ಮುಗಿಸಿಬಿಡುತ್ತೇನೆ. ಸಣ್ಣ ಕಾರು ಸುಮಾರು 1 ಟನ್ ತೂಗುತ್ತದೆ. ದೊಡ್ಡ ಎಸ್‌ಯುವಿ 2 ಟನ್ ದಾಟುವುದೂ ಉಂಟು. ಮುಂಭಾಗ ಮಾತ್ರ ಎತ್ತಿದಾಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಭಾರ ಎರಡು ಸ್ಟ್ಯಾಂಡಿನ ಮೇಲೆ ಬೀಳುತ್ತದೆ, ಉಳಿದದ್ದನ್ನು ಹಿಂದಿನ ಚಕ್ರಗಳು ಹೊರುತ್ತವೆ. ಸಾಮಾನ್ಯ ಕಾರಿಗೆ 3 ಟನ್ನಿನ ಒಂದು ಜೋಡಿ ಧಾರಾಳವಾಯಿತು. ಸ್ಟಿಕ್ಕರ್ ಮೇಲಿನ ಅಂಕಿ ಒಂದು ಸ್ಟ್ಯಾಂಡಿನದೋ ಜೋಡಿಯದೋ ಅಂತ ಓದಿ ನೋಡಿ. ಬರೆದಿಲ್ಲ ಅಂದ್ರೆ ಜೋಡಿಯದು ಅಂತಲೇ ಲೆಕ್ಕ ಹಿಡಿಯಿರಿ.

"ಯಾಕೆ ರಿಸ್ಕು, 6 ಟನ್ನಿಂದೇ ತಗೊಂಡ್ಬಿಡ್ತೀನಿ" ಅನ್ನುವವರೂ ಇದ್ದಾರೆ. ಅದನ್ನು ಪೂರ್ತಿ ಇಳಿಸಿದರೂ ಸುಮಾರು 40 ಸೆಂ.ಮೀ. ಎತ್ತರ ಇರುತ್ತದೆ. 3 ಟನ್ನಿನದು 30 ಸೆಂ.ಮೀ. ಆಸುಪಾಸು. ತಗ್ಗು ಕಾರಿನ ಕೆಳಗೆ ದೊಡ್ಡ ಸ್ಟ್ಯಾಂಡ್ ತೂರಿಸಬೇಕಾದರೆ ಕಾರನ್ನು ಸುಮ್ನೆ ಇನ್ನಷ್ಟು ಮೇಲೆತ್ತಬೇಕು. ಎತ್ತರ ಹೆಚ್ಚಿದಷ್ಟೂ ಅಲುಗಾಟ ಹೆಚ್ಚು. ಹಾಗಾಗಿ ಅಂಗಡಿಯಲ್ಲಿ ನೋಡಬೇಕಾದ್ದು ಕನಿಷ್ಠ ಎತ್ತರ, ಗರಿಷ್ಠ ಎತ್ತರ, ಕಾಲುಗಳ ಅಗಲ, ವೆಲ್ಡಿಂಗ್. ಬಣ್ಣ ಅಲ್ಲ.

ಸ್ಟ್ಯಾಂಡ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ನಡುವಿನ ಕಂಬಕ್ಕೆ ತೂತುಗಳಿರುತ್ತವೆ, ದಪ್ಪ ಪಿನ್ ತೂರಿಸಿದರೆ ಆಯಿತು. ಎತ್ತರ ಬೇಕಾದ ಹಾಗೆ ಸಿಗುವುದಿಲ್ಲ, ಆದರೆ ಪಿನ್ ಆ ಕಡೆ ಹೊರಬಂದಿದ್ದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಹಲ್ಲಿನ ಸ್ಟ್ಯಾಂಡ್. ಕಂಬ ಎತ್ತಿದಾಗ ಟಕ್ ಟಕ್ ಅಂತ ಒಂದೊಂದೇ ಹಲ್ಲು ದಾಟುತ್ತದೆ, ಒಳಗಿನ ಕೊಕ್ಕೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಆ ಟಕ್ ಶಬ್ದ ನಂಬಿ ಕೆಳಗೆ ಹೋಗುವವರೇ ಜಾಸ್ತಿ. ಒಮ್ಮೆ ಕಾರಿಲ್ಲದೆ ಬರೀ ಸ್ಟ್ಯಾಂಡ್ ತಗೊಂಡು, ಟಾರ್ಚ್ ಹಾಕಿ, ಕಾಲುಗಳ ಸಂದಿಯಿಂದ ಒಳಗೆ ನೋಡಿ. ಹಲ್ಲಿನ ಬುಡಕ್ಕೆ ಪೂರ್ತಿ ಇಳಿದ ಕೊಕ್ಕೆಗೂ ಹಲ್ಲಿನ ತುದಿಯಲ್ಲಿ ಅರ್ಧ ನೇತಾಡುವ ಕೊಕ್ಕೆಗೂ ಇರುವ ವ್ಯತ್ಯಾಸ ಕೆಲವೇ ಮಿಲಿಮೀಟರ್. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ತಿಳಿಯುವುದು ಕೊಕ್ಕೆಗೆ ಜೋಡಿಸಿರುವ ಹಿಡಿಯಿಂದ. ಕೊಕ್ಕೆ ಸರಿಯಾಗಿ ಕೂತಿದ್ದರೆ ಹಿಡಿ ಕೆಳಗೆ ಪೂರ್ತಿ ಬಿದ್ದಿರುತ್ತದೆ, ಅರ್ಧ ಕೂತಿದ್ದರೆ ಸ್ವಲ್ಪ ಎದ್ದು ನಿಂತಿರುತ್ತದೆ. ನಾನು ಪ್ರತಿ ಸಲ ಹಿಡಿಯನ್ನು ಅಂಗೈಯಿಂದ ಕೆಳಗೆ ತಟ್ಟಿ, ಕಂಬವನ್ನು ಒತ್ತಿ ನೋಡುತ್ತೇನೆ.

ಇದು ಅತಿಯಾಯ್ತು ಅನ್ನಿಸಿದರೆ ಇದನ್ನೂ ಕೇಳಿ. 2020ರಲ್ಲಿ ಅಮೆರಿಕದಲ್ಲಿ 3 ಟನ್ ಮತ್ತು 6 ಟನ್ನಿನ ಸುಮಾರು 17 ಲಕ್ಷ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಂಡರು. ಕಾರಣ ಇದೇ ಕೊಕ್ಕೆ ಮತ್ತು ಹಲ್ಲು. ಸ್ಟ್ಯಾಂಡ್ ಮೇಲೆ ನಿಂತ ಕಾರು ಸ್ವಲ್ಪ ಅಲುಗಿದರೂ ಕೊಕ್ಕೆ ಬಿಟ್ಟುಕೊಳ್ಳುವ ಸಾಧ್ಯತೆ ಇತ್ತು. ಬದಲಿಗೆ ಕೊಟ್ಟ ಸ್ಟ್ಯಾಂಡ್‌ಗಳಲ್ಲಿ ಕೆಲವಕ್ಕೆ ವೆಲ್ಡಿಂಗ್ ದೋಷ ಅಂತ ಅದೇ ವರ್ಷ ಅವನ್ನೂ ಕರೆಸಿಕೊಳ್ಳಬೇಕಾಯಿತು. ಹಲ್ಲಿನ ಜೊತೆಗೆ ಸುರಕ್ಷತೆಗೆ ಇನ್ನೊಂದು ಪಿನ್ ಇರುವ ಸ್ಟ್ಯಾಂಡ್ ಸಿಕ್ಕರೆ ಅದನ್ನೇ ತಗೊಳ್ಳಿ.

ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಯಾಕೆ ಅಂತ ಗೊತ್ತಿರುವವರು ಕಡಿಮೆ. ಹೈಡ್ರಾಲಿಕ್ ಜಾಕ್‌ನಲ್ಲಿ ಇಡೀ ಭಾರ ನಿಂತಿರುವುದು ಒಂದಿಷ್ಟು ಎಣ್ಣೆಯ ಮೇಲೆ. ಆ ಎಣ್ಣೆಯನ್ನು ತಡೆದು ಹಿಡಿದಿರುವುದು ರಬ್ಬರ್ ಸೀಲ್ ಮತ್ತು ಒಂದು ಪುಟ್ಟ ವಾಲ್ವ್. ವಾಲ್ವ್‌ನಲ್ಲಿ ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಕಾರು ನಿಧಾನಕ್ಕೆ ಇಳಿಯಲು ಶುರು ಮಾಡುತ್ತದೆ. ಸೀಲ್ ಕಿತ್ತುಹೋದರೆ ನಿಧಾನಕ್ಕಲ್ಲ, ಒಂದೇ ಸಲ. ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕ್ ಇರುವುದು ಸ್ಟೆಪ್ನಿ ಬದಲಿಸಲು ಮಾತ್ರ.

ಈಗ ನೆಲ. ಗಟ್ಟಿ, ಸಮತಟ್ಟಾದ ಕಾಂಕ್ರೀಟ್ ಆದರೆ ಚಿಂತೆ ಇಲ್ಲ. ಡಾಂಬರು ಬಿಸಿಲಿಗೆ ಮೆತ್ತಗಾಗುತ್ತದೆ, ಸ್ಟ್ಯಾಂಡಿನ ಕಾಲು ಅದರೊಳಗೆ ಇಳಿಯುತ್ತದೆ. ನಾಲ್ಕೂ ಕಾಲು ಒಂದೇ ಸಮ ಇಳಿದರೆ ಪರವಾಗಿಲ್ಲ, ಆದರೆ ಹಾಗೆ ಇಳಿಯುವುದಿಲ್ಲ, ಅಲ್ವಾ? ಸ್ಟ್ಯಾಂಡ್ ವಾಲುತ್ತದೆ. ಕೆಳಗೆ 18 ಮಿ.ಮೀ. ದಪ್ಪದ ಅಗಲವಾದ ಪ್ಲೈವುಡ್ ತುಂಡು ಹಾಕಿ. ಮಣ್ಣಿನ ಮೇಲೆ ಬೇಡವೇ ಬೇಡ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಜೋಡಿಸುವ ಆಸೆಯನ್ನೂ ಬಿಟ್ಟುಬಿಡಿ. ಕಬ್ಬಿಣ ಬಾಗಿ ಸೂಚನೆ ಕೊಡುತ್ತದೆ. ಬ್ಲಾಕ್ ಸೂಚನೆ ಕೊಡದೆ ಪುಡಿಯಾಗುತ್ತದೆ.

ಚಕ್ರಕ್ಕೆ ಅಡೆ ಕೊಡುವ ವಿಷಯದಲ್ಲಿ ನಮ್ಮಲ್ಲಿ ಕೆಲಸ ಕಲಿಯುವ ಹುಡುಗನೊಬ್ಬ ಕೇಳಿದ್ದ: "ಮೇಸ್ತ್ರಿ, ಹ್ಯಾಂಡ್‌ಬ್ರೇಕ್ ಹಾಕಿದೆ, ಗೇರ್‌ನಲ್ಲೂ ಇದೆ. ಇನ್ಯಾಕೆ?" ಒಳ್ಳೆ ಪ್ರಶ್ನೆ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದರೆ ಆ ಚಕ್ರಗಳು ಗಾಳಿಯಲ್ಲಿರುತ್ತವೆ, ಬ್ರೇಕ್ ಇದ್ದೂ ಇಲ್ಲದ ಹಾಗೆ. ಗೇರ್ ಹಿಡಿಯುವುದು ಇಂಜಿನ್ ತಿರುಗಿಸುವ ಚಕ್ರಗಳನ್ನು, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನವನ್ನು. ಅದರಲ್ಲೂ ಒಂದು ತಮಾಷೆ ಇದೆ. ಮುಂದಿನ ಎರಡು ಚಕ್ರಗಳಲ್ಲಿ ಒಂದನ್ನು ಮಾತ್ರ ಎತ್ತಿದಿರಿ ಅನ್ನಿ. ನಡುವೆ ಡಿಫರೆನ್ಷಿಯಲ್ (ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುವುದರಿಂದ ಎತ್ತಿದ ಚಕ್ರ ಉಲ್ಟಾ ತಿರುಗುತ್ತಾ ನೆಲದ ಮೇಲಿನ ಚಕ್ರವನ್ನು ಉರುಳಲು ಬಿಡುತ್ತದೆ. ಗೇರ್‌ನಲ್ಲಿದ್ದರೂ ಕಾರು ಜರುಗುತ್ತದೆ. ಅದಕ್ಕೇ ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡೆ.

ಎತ್ತುವಾಗ ಇನ್ನೊಂದು ನೋಡಿ. ಟ್ರಾಲಿ ಜಾಕ್‌ನ ತೋಳು ನೇರ ಮೇಲೇಳುವುದಿಲ್ಲ, ಕಮಾನಿನಲ್ಲಿ ಏಳುತ್ತದೆ. ಅದಕ್ಕೆ ಜಾಕ್ ತನ್ನ ಗಾಲಿಗಳ ಮೇಲೆ ಸ್ವಲ್ಪ ಉರುಳಬೇಕು. ಗಾಲಿ ಕಲ್ಲಿಗೋ ಸಂದಿಗೋ ಸಿಕ್ಕಿಕೊಂಡರೆ ಜಾಕ್ ಕಾರನ್ನೇ ಎಳೆಯುತ್ತದೆ, ಇಲ್ಲಾ ಜಾಗ ತಪ್ಪಿ ಜಾರುತ್ತದೆ.

ಸ್ಟ್ಯಾಂಡ್ ಎಲ್ಲಿ ಇಡಬೇಕು ಅನ್ನುವುದಕ್ಕೆ ಕಾರಿನ ಜೊತೆ ಬಂದ ಪುಸ್ತಕವೇ ಗತಿ. ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ ಎರಡು ಗುರುತು ಕೊರೆದಿರುತ್ತದೆ, ಅದರ ನಡುವಿನ ಜಾಗ ಗಟ್ಟಿ. ಅಲ್ಲಿ ಕಬ್ಬಿಣ ನೇರ ತಾಗಿದರೆ ಅಂಚು ಮಡಚುತ್ತದೆ, ಅಂಚು ಕೂರಲು ನಡುವೆ ಸೀಳು ಬಿಟ್ಟಿರುವ ರಬ್ಬರ್ ಪ್ಯಾಡ್ ಹಾಕಿ. ಆಯಿಲ್ ಚೇಂಬರ್, ಗೇರ್‌ಬಾಕ್ಸ್, ನೆಲದ ತಗಡು, ಇವುಗಳ ಕೆಳಗೆ ಜಾಕೂ ಬೇಡ, ಸ್ಟ್ಯಾಂಡೂ ಬೇಡ. ಎಲೆಕ್ಟ್ರಿಕ್ ಕಾರಾದರೆ ಕೆಳಗೆಲ್ಲ ಬ್ಯಾಟರಿ, ಇನ್ನೂ ಹುಷಾರು.

ಸ್ಟ್ಯಾಂಡ್ ಇಟ್ಟ ಮೇಲೆ ಜಾಕ್ ನಿಧಾನಕ್ಕೆ ಇಳಿಸಿ. ಭಾರ ಪೂರ್ತಿ ಸ್ಟ್ಯಾಂಡಿಗೆ ಬರಲಿ. ಸ್ಟ್ಯಾಂಡಿನ ಎಲ್ಲ ಕಾಲೂ ನೆಲಕ್ಕೆ ತಾಗಿವೆಯಾ ನೋಡಿ. ಆಮೇಲೆ ಪಕ್ಕದಲ್ಲಿ ನಿಂತು ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ. ಅಲ್ಲಾಡಿಸಿದರೆ ಬೀಳುವ ಕಾರು ಈಗಲೇ ಬೀಳಲಿ, ನೀವು ಕೆಳಗಿದ್ದಾಗ ಬೇಡ. ನಂತರ ಜಾಕನ್ನು ಸುಮ್ನೆ ತಾಗುವಷ್ಟು ಮೇಲೆ ತಂದು ಬಿಡಿ. ಬಿಚ್ಚಿದ ಚಕ್ರವನ್ನೂ ಕಾರಿನ ಅಂಚಿನ ಕೆಳಗೆ ಮಲಗಿಸಿ, ಸ್ಟ್ಯಾಂಡ್ ಕೈಕೊಟ್ಟರೆ ಕಾರು ಇವುಗಳ ಮೇಲೆ ನಿಲ್ಲಲಿ.

ಇಷ್ಟೆಲ್ಲ ಮಾಡಿದವರೂ ಎಡವುವುದು ಬಿಗಿ ಬೋಲ್ಟ್ ಬಂದಾಗ. ತುಕ್ಕು ಹಿಡಿದ ಬೋಲ್ಟಿಗೆ ಉದ್ದ ಪೈಪ್ ಸಿಕ್ಕಿಸಿ, ಕಾರಿನ ಕೆಳಗೆ ಮಲಗಿಕೊಂಡೇ ಜಗ್ಗುತ್ತಾರೆ. ಸ್ಟ್ಯಾಂಡ್ ಮಾಡಿರುವುದು ಮೇಲಿನಿಂದ ಬರುವ ಭಾರಕ್ಕೆ, ಪಕ್ಕದ ಎಳೆತಕ್ಕಲ್ಲ. ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲ ಮಾಡಿಕೊಳ್ಳಿ. ಉಳಿದವಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ. ಅದಕ್ಕೂ ಬಗ್ಗದಿದ್ದರೆ ಆ ಬೋಲ್ಟ್ ಗ್ಯಾರೇಜಿಗೆ ಬಿಡಿ. ವ್ಯಾಪಾರಕ್ಕಾಗಿ ಹೇಳುತ್ತಿಲ್ಲ.

ನಮಗೆ ಗ್ಯಾರೇಜಿನಲ್ಲಿ ಇರುವ ಒಂದು ಅನುಕೂಲ ಮನೆಯಲ್ಲಿ ಇರುವುದಿಲ್ಲ: ಕೂಗಿದರೆ ಓಡಿ ಬರಲು ಜನ. ಮನೆಯಲ್ಲಿ ಒಬ್ಬರೇ ಇದ್ದಾಗ ಕೆಳಗೆ ಹೋಗಬೇಡಿ. ಜೊತೆಗಿರುವವರಿಗೆ ಜಾಕ್‌ನ ವಾಲ್ವ್ ಯಾವ ಕಡೆ ತಿರುಗಿಸಿ ಬಿಗಿ ಮಾಡಬೇಕು, ಎಲ್ಲಿ ಇಟ್ಟು ಎತ್ತಬೇಕು ಅಂತ ಮೊದಲೇ ತೋರಿಸಿ, ಅವರ ಕೈಯಲ್ಲೇ ಒಂದು ಸಲ ಎತ್ತಿಸಿ ನೋಡಿ.