ನೀವು ಮೂವರು ಆಡಿ

ಐದೈದು ಜನರ ತಂಡವಾಗಿ ಆಡುವ ನಮ್ಮ ಆನ್‌ಲೈನ್ ಗನ್ ಆಟಕ್ಕೆ ಹೊಸ ಅಪ್‌ಡೇಟ್ ಬಂದ ರಾತ್ರಿ ಎಂದಿನಂತೆ ಐದೂ ಜನ ಗೆಳೆಯರು ಪಂದ್ಯಕ್ಕೆ ಮುಂಚೆ ಸೇರುವ ಲಾಬಿಗೆ ಬಂದೆವು. ರ‍್ಯಾಂಕ್ಡ್ (ಸೋಲು-ಗೆಲುವಿನಿಂದ ದರ್ಜೆ ಏರಿಳಿಯುವ ಪಂದ್ಯದ) ಬಟನ್ ಬೂದು ಬಣ್ಣಕ್ಕೆ ತಿರುಗಿತ್ತು. ಕೆಳಗೆ ಕೆಂಪು ಅಕ್ಷರದಲ್ಲಿ, ಪಾರ್ಟಿಯಲ್ಲಿ (ಒಟ್ಟಿಗೆ ಆಡಲು ಸೇರಿದ ಗುಂಪಿನಲ್ಲಿ) ಮೂವರಿಗಿಂತ ಜಾಸ್ತಿ ಇರುವಂತಿಲ್ಲ ಅಂತ ಒಂದು ಸಾಲು. ಅಪ್‌ಡೇಟ್‌ನಲ್ಲಿ ಏನೇನು ಬದಲಾಯಿತು ಅಂತ ತಿಳಿಸುವ ಪ್ಯಾಚ್ ನೋಟ್ಸ್ ತೆಗೆದು ನೋಡಿದರೆ ಹತ್ತಾರು ಗನ್ ಬದಲಾವಣೆಗಳ ನಡುವೆ ಇದಕ್ಕೆ ಕೊಟ್ಟ ಕಾರಣ ಇಷ್ಟೇ: ಪಂದ್ಯದ ಗುಣಮಟ್ಟ ಸುಧಾರಿಸಲು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ, ಆಟದಲ್ಲಿ ಏಟು ತಿಂದವರನ್ನು ಚೇತರಿಸುವ ನಮ್ಮ ಹೀಲರ್ ಅಂದ, "ನೀವು ಮೂವರು ಆಡಿ. ನಾನು ಇಲ್ಲೇ ಕೇಳಿಸ್ಕೊಂಡು ಇರ್ತೀನಿ."

ಐದನೆಯವನು ಬೈದುಕೊಂಡು ಲಾಗ್‌ಔಟ್ ಆದ. ಹೀಲರ್ ಮಾತ್ರ ವಾಯ್ಸ್ ಚಾಟ್‌ನಲ್ಲೇ ಉಳಿದ. ನಾವು ಮೂವರು ಗೊತ್ತಿಲ್ಲದ ಇಬ್ಬರ ಜೊತೆ ಪಂದ್ಯಕ್ಕೆ ಇಳಿದೆವು. ಮಧ್ಯದಲ್ಲಿ ಏಟು ಬಿದ್ದಾಗ ನಮ್ಮಲ್ಲೊಬ್ಬ ಅಭ್ಯಾಸದಲ್ಲಿ "ಹೀಲ್! ಹೀಲ್ ಕೊಡೋ!" ಅಂತ ಕೂಗಿಬಿಟ್ಟ. "ನಾನು ಒಳಗಿಲ್ಲ ಕಣೋ" ಅಂದ ಅವನು. ಸಿಟ್ಟಿಲ್ಲದ, ಮಾಮೂಲಿ ದನಿ. ಆ ದನಿ ಈ ವಾರವೆಲ್ಲಾ ಕಿವಿಯಲ್ಲೇ ಇದೆ.

ಕಂಪನಿಯವರ ಕಷ್ಟ ನನಗೆ ಅರ್ಥವಾಗದೆ ಏನಿಲ್ಲ. ಮಾತಾಡಿಕೊಂಡು ಆಡುವ ಐದು ಗೆಳೆಯರ ಎದುರಿಗೆ ಒಬ್ಬರಿಗೊಬ್ಬರು ಗೊತ್ತಿಲ್ಲದ ಐದು ಜನರನ್ನು ತಂದು ನಿಲ್ಲಿಸಿದರೆ ಅದು ಅನ್ಯಾಯವೇ. ಒಂಟಿಯಾಗಿ ಆಡುವವರು ಈ ಬಗ್ಗೆ ದೂರಿದ್ದೂ ನಿಜ, ಆ ದೂರಿನಲ್ಲಿ ಹುರುಳಿದ್ದದ್ದೂ ನಿಜ. ಆದರೆ ಪೂರ್ತಿ ಪಾರ್ಟಿಗೆ ಪೂರ್ತಿ ಪಾರ್ಟಿಯನ್ನೇ ಎದುರು ಹಾಕಬಹುದಿತ್ತಲ್ವಾ? ಕ್ಯೂ ಉದ್ದವಾಗುತ್ತೆ, ಪಂದ್ಯ ಸಿಗೋದು ತಡ ಆಗುತ್ತೆ. ಆಗಲಿ. ಕಾಯೋದಕ್ಕೆ ನಾವು ತಯಾರಿದ್ದೆವು, ಕೇಳಿದವರು ಯಾರೂ ಇಲ್ಲ.

ಕೇಳಿದರೆ ಆಟ ಕೆಡುತ್ತೆ ಅನ್ನೋದನ್ನ ನಾನು ಒಪ್ಪಲ್ಲ. 2013ರಲ್ಲಿ ಶುರುವಾದ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಆಟದಲ್ಲಿ ದೊಡ್ಡ ಬದಲಾವಣೆಗಳನ್ನು ಆಟಗಾರರ ಮತಕ್ಕೆ ಹಾಕುತ್ತಾರೆ. ಬರೀ ಅರ್ಧದಷ್ಟು ಮತ ಸಾಲದು, ಮೊದಲು ನೂರಕ್ಕೆ 75 ಬೇಕಿತ್ತು, ಆಮೇಲೆ 70ಕ್ಕೆ ಇಳಿಸಿದರು. ಆ ಆಟ ಇವತ್ತಿಗೂ ಗಟ್ಟಿಯಾಗಿ ನಡೆಯುತ್ತಿದೆ. ಇನ್ನೊಂದು ಕಡೆ ಹೆಲ್‌ಡೈವರ್ಸ್ 2 ಅನ್ನೋ ಆಟ. 2024ರ ಮೇ ತಿಂಗಳಲ್ಲಿ ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ನಲ್ಲಿ ಆಡುವವರೂ ಆ ಆಟ ಹೊರತಂದ ಸೋನಿಯ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಅಂದರು. ಆ ಖಾತೆ ತೆರೆಯುವ ಅವಕಾಶವೇ ಇಲ್ಲದ ದೇಶಗಳಲ್ಲಿ ದುಡ್ಡು ಕೊಟ್ಟು ಆಟ ಕೊಂಡಿದ್ದವರು ಏನು ಮಾಡಬೇಕು? ಎರಡು ಲಕ್ಷಕ್ಕೂ ಹೆಚ್ಚು ಕೆಟ್ಟ ರಿವ್ಯೂಗಳು ಬಿದ್ದವು, ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು. ಮೊದಲೇ ಒಂದು ಮಾತು ಕೇಳಿದ್ದರೆ ಇಷ್ಟೆಲ್ಲಾ ಬೇಕಿರಲಿಲ್ಲ.

ಹಾಗಂತ ಬಾಯಿಗೆ ಬಂದ ಹಾಗೆ ಬೈಯೋದು ನನಗೆ ಸುತರಾಂ ಇಷ್ಟವಿಲ್ಲ. ಲಾಗ್‌ಔಟ್ ಆದ ನಮ್ಮ ಗೆಳೆಯ ಆ ಕಂಪನಿಯ ಯಾರೋ ಒಬ್ಬ ಡಿಸೈನರ್‌ಗೆ ಅವರ ಮನೆಯವರನ್ನೂ ಎಳೆದು ತಂದು ಬರೆದಿದ್ದ. ಅಳಿಸು ಅಂದೆ. ಒಳ್ಳೆಯ ಹುಡುಗ, ಸಿಟ್ಟು ಬಂದರೆ ಮಾತ್ರ ಹಿಡಿತ ಇಲ್ಲ. ಅಂಥ ಮಾತು ನಾಲ್ಕು ಬಂದರೆ ಸಾಕು, ಆಟಗಾರರೆಲ್ಲಾ ಹೀಗೇ ಅಂತ ಸರಿಯಾದ ದೂರನ್ನೂ ಸೇರಿಸಿ ಪಕ್ಕಕ್ಕೆ ಸರಿಸುತ್ತಾರೆ.

ಆದರೂ ಬೈದವನು ನಾಳೆ ಮತ್ತೆ ಆಟ ತೆರೆಯುತ್ತಾನೆ, ನನಗೆ ಗೊತ್ತು. ನನ್ನ ಚಿಂತೆ ಹೀಲರ್‌ದು. ಅವನು ದೂರು ಬರೆಯಲಿಲ್ಲ, ರಿವ್ಯೂನಲ್ಲಿ ಸ್ಟಾರ್ ಕಮ್ಮಿ ಕೊಡಲಿಲ್ಲ. ಅವನಿಗೆ ರ‍್ಯಾಂಕ್ ಯಾವತ್ತೂ ಮುಖ್ಯ ಅಲ್ಲ, ನಮ್ಮ ಜೊತೆ ಆಡೋದಷ್ಟೇ ಬೇಕಿತ್ತು. ಕಂಪನಿಯ ಲೆಕ್ಕದಲ್ಲಿ ಅವನ ಆಟದ ಸಮಯ ಕಮ್ಮಿಯಾದದ್ದು ಕಾಣಬಹುದು, ಯಾಕೆ ಕಮ್ಮಿಯಾಯಿತು ಅನ್ನೋದು ಎಲ್ಲಿ ಕಾಣುತ್ತೆ?

ಅದಕ್ಕೇ ಅವನ ಪರವಾಗಿ ನಾನೇ ಫೀಡ್‌ಬ್ಯಾಕ್ ಫಾರ್ಮ್ ತುಂಬಿದೆ. ಪೂರ್ತಿ ಪಾರ್ಟಿಗೆ ಬೇರೆ ಕ್ಯೂ ಕೊಡಿ, ಅದು ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬಿಡಿಸಿ ಹೇಳಿ ಅಂತ ಬರೆದಿದ್ದೇನೆ. ಅಲ್ಲಿಯವರೆಗೆ ನಾವು ಐದು ಜನ ರ‍್ಯಾಂಕ್ ಬಿಟ್ಟು ಕ್ಯಾಶುಯಲ್ ಆಡುತ್ತೇವೆ.