1980ರ 300 ಯೆನ್ ಗಂಡಮ್: 1/144 ಹಳೆಯ ಕಿಟ್ ಕಟ್ಟುವ ದಾಖಲೆ

ಮೇಜಿನ ಮೇಲಿರುವುದು ಜಪಾನಿನ ಆಟಿಕೆ ಕಂಪನಿ ಬಂಡಾಯ್ 1980ರ ಜುಲೈಯಲ್ಲಿ 300 ಯೆನ್‌ಗೆ ಮಾರಾಟಕ್ಕಿಟ್ಟ ಆರ್‌ಎಕ್ಸ್-78-2, ಅಂದರೆ ಗಂಡಮ್ ಎಂಬ ದೈತ್ಯ ರೋಬೋಟ್‌ನ 1/144 ಅಳತೆಯ ಪ್ಲಾಸ್ಟಿಕ್ ಮಾದರಿ. ಗನ್‌ಪ್ಲಾ (ಗಂಡಮ್ ಪ್ಲಾಸ್ಟಿಕ್ ಮಾದರಿಗಳು) ಎಂಬ ಇಡೀ ವಂಶಕ್ಕೆ ಮೂಲಪುರುಷ ಇದೇ. ‘ಮೊಬೈಲ್ ಸೂಟ್ ಗಂಡಮ್’ ಎಂಬ ಜಪಾನಿ ಟಿವಿ ಅನಿಮೇಷನ್ ಸರಣಿ ಪ್ರಸಾರವಾದದ್ದು 1979ರ ಏಪ್ರಿಲ್ 7ರಿಂದ 1980ರ ಜನವರಿ 26ರವರೆಗೆ. 52 ಕಂತು ಎಂದು ಹೊರಟಿದ್ದು 43ಕ್ಕೇ ನಿಂತಿತು. ಹಾಗಾಗಿ ಈ ಪೆಟ್ಟಿಗೆ ಅಂಗಡಿಗೆ ಬರುವಾಗ ಸರಣಿ ಮುಗಿದು ಐದಾರು ತಿಂಗಳಾಗಿತ್ತು. ಆದರೆ ಅಚ್ಚು ಮಾತ್ರ ಇನ್ನೂ ಜೀವಂತವಾಗಿದೆ, ಆಗಾಗ ಹೊಸ ಸರಕು ಬರುತ್ತಲೇ ಇದೆ.

ಈಗಿನ ಕಿಟ್‌ಗಳ ಹಾಗೆ ಒತ್ತಿದರೆ ಕಟಕ್ ಎಂದು ಕೂರುವ ಜೋಡಣೆ ಇದರಲ್ಲಿಲ್ಲ. ಅಂಟು ಬೇಕೇ ಬೇಕು. ಪ್ಲಾಸ್ಟಿಕ್ ಇಡೀ ಬಿಳಿ, ಕೆಂಪು ನೀಲಿ ಹಳದಿಯನ್ನೆಲ್ಲ ನಾವೇ ಹಚ್ಚಬೇಕು. 18 ಮೀಟರ್ ಎತ್ತರದ ಯಂತ್ರ 144 ಪಾಲು ಕುಗ್ಗಿದರೆ 12.5 ಸೆಂ.ಮೀ.

ಗುರಿ ಒಂದೇ: ಟಿವಿಯಲ್ಲಿ ಕಂಡ ಗಂಡಮ್ ಕಾಣಬೇಕು. ಕುನಿಯೊ ಒಕವಾರ ವಿನ್ಯಾಸದಲ್ಲಿ ಗೆರೆ ಕಡಿಮೆ, ಬಣ್ಣದ ಹರವು ದೊಡ್ಡದು. ಮೈತುಂಬ ಗೆರೆ ಕೊರೆದು ನೂರೆಂಟು ಸ್ಟಿಕ್ಕರ್ ಅಂಟಿಸಿದರೆ ಅದು ಬೇರೆಯೇ ಯಂತ್ರವಾಗುತ್ತದೆ. ಆದ್ದರಿಂದ ಮೈಕಟ್ಟನ್ನು ಮುಟ್ಟುವುದಿಲ್ಲ. ಬದಲಾಗುವುದು ಕೀಲುಗಳು, ಸೊಂಟ ಮತ್ತು ತಲೆಯ ಒಂದೆರಡು ಸಣ್ಣ ವಿವರ ಮಾತ್ರ.

ಮೊದಲ ವಾರ: ತೊಳೆಯುವುದು, ಅಂಟಿಲ್ಲದ ಜೋಡಣೆ

ರನ್ನರ್‌ಗಳನ್ನು (ಬಿಡಿ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳು) ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒಂದು ರಾತ್ರಿ ಒಣಗಲು ಬಿಟ್ಟಾಯಿತು. ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯ ಪದರ ಉಳಿದರೆ ಆಮೇಲೆ ಮಾಸ್ಕಿಂಗ್ ಟೇಪ್ ಕೀಳುವಾಗ ಬಣ್ಣವೂ ಅದರ ಜೊತೆಗೇ ಎದ್ದು ಬರುತ್ತದೆ. ನೀರು ಬಿಸಿ ಇರಕೂಡದು, ತೆಳು ಭಾಗಗಳು ಸೊಟ್ಟಗಾಗುತ್ತವೆ.

ನಿಪ್ಪರ್‌ನಿಂದ ಕತ್ತರಿಸುವಾಗ ಮೊದಲು 2 ಮಿ.ಮೀ. ಬಾಲ ಬಿಡಬೇಕು, ಎರಡನೇ ಸಲ ಚಾಕುವಿನಿಂದ ಸವರಬೇಕು. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿದರೆ ಅಲ್ಲಿ ಸಣ್ಣ ಗುಳಿ ಬೀಳುತ್ತದೆ, ಅದನ್ನು ತುಂಬುವುದೇ ಇನ್ನೊಂದು ಕೆಲಸ. ಆಮೇಲೆ ಅಂಟಿಲ್ಲದೆ ಬರೀ ಟೇಪ್ ಸುತ್ತಿ ಇಡೀ ಆಕೃತಿಯನ್ನು ನಿಲ್ಲಿಸಿ ನೋಡಿದ್ದಾಯಿತು. ಯಾವ ಕೀಲು ಯಾವ ಹೋಳುಗಳ ನಡುವೆ ಸಿಕ್ಕಿಕೊಳ್ಳುತ್ತದೆ ಎಂಬುದು ಈ ಹಂತದಲ್ಲೇ ಗೊತ್ತಾಗಬೇಕು. ಅಂಟು ಬಿದ್ದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಎರಡನೇ ವಾರ: ಅಂಟಿಗೆ ಮೊದಲು ಗರಗಸ

ಎರಡು ಹೋಳುಗಳನ್ನು ಮುಖಾಮುಖಿ ಮುಚ್ಚುವ ಈ ಬಗೆಯ ಕಿಟ್‌ಗೆ ಜಪಾನಿನಲ್ಲಿ ‘ಮೊನಾಕ’ ಎನ್ನುತ್ತಾರೆ. ಅದು ಎರಡು ಗರಿಗರಿ ಹಾಳೆಗಳ ನಡುವೆ ಸಿಹಿ ಹೂರಣ ಇಡುವ ತಿಂಡಿ. ನಮ್ಮ ಕಡೆಯ ಕರ್ಜಿಕಾಯಿ ನೆನಪಿಸಿಕೊಂಡರೆ ಸಾಕು, ಹೂರಣ ಒಳಗಿಟ್ಟು ಅಂಚು ಒತ್ತಿದ ಮೇಲೆ ತೆಗೆಯಲು ದಾರಿಯಿಲ್ಲ. ಇಲ್ಲಿ ಹೂರಣದ ಜಾಗದಲ್ಲಿರುವುದು ಕೀಲು. ನೀಲಿ ಎದೆಯ ಎರಡು ಹೋಳುಗಳ ನಡುವೆ ಬಿಳಿ ತೋಳಿನ ಬುಡ ಸಿಕ್ಕಿಕೊಂಡರೆ ಎದೆಯ ಅಂಚನ್ನು ಉಜ್ಜಲು ತೋಳು ಅಡ್ಡ, ಬಣ್ಣ ಹೊಡೆಯಲು ಇನ್ನೂ ಅಡ್ಡ.

ಇದಕ್ಕೆ ಪರಿಹಾರ ‘ಅಟೊಹಮೆ’, ಎಂದರೆ ಆಮೇಲೆ ತೂರಿಸುವುದು. ಕೀಲಿನ ಕಡ್ಡಿಯನ್ನು ಹಿಡಿಯುವ ಉಂಗುರದ ಒಂದು ಪಕ್ಕ ಕತ್ತರಿಸಿ, ತೆರೆದ ಕೊಕ್ಕೆಯ ಆಕಾರಕ್ಕೆ ತರುವುದು. ಅಳತೆ ಮುಖ್ಯ. ಕಡ್ಡಿ 3 ಮಿ.ಮೀ. ಇದ್ದರೆ ಬಾಯಿ 2.5 ಮಿ.ಮೀ. ಇರಲಿ, ಒತ್ತಿದಾಗ ಟಕ್ ಎಂದು ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ. 3 ಮಿ.ಮೀ. ಬಾಯಿ ತೆರೆದರೆ ತೋಳು ಕೈಗೇ ಬರುತ್ತದೆ. 2 ಮಿ.ಮೀ.ಗೆ ನಿಲ್ಲಿಸಿದರೆ ಒತ್ತುವಾಗ ಉಂಗುರ ಸೀಳುತ್ತದೆ. ಕೊಕ್ಕೆಯ ಬಾಯಿ ಹಿಂದಕ್ಕೆ ತಿರುಗಿರಬೇಕು. ಕೆಳಕ್ಕೆ ತಿರುಗಿದರೆ ತೋಳಿನ ಭಾರಕ್ಕೇ ಕಳಚಿಕೊಳ್ಳುತ್ತದೆ. ಬಣ್ಣದ ಪದರವೂ ದಪ್ಪ ಸೇರಿಸುವುದರಿಂದ ಉಜ್ಜಾಡುವ ಮೈಗಳನ್ನು ಎಮರಿ ಕಾಗದದಿಂದ ಒಂದೆರಡು ಎಳೆತ ತೆಳುವಾಗಿಸಿ, ಬಣ್ಣ ಹೊಡೆಯುವಾಗ ಅಲ್ಲಿ ಟೇಪ್ ಮುಚ್ಚಬೇಕು.

ಸೊಂಟದ ಮಾತು ಬೇರೆ. ಮೂಲದಲ್ಲಿ ಕಾಲು ಹಿಂದೆ ಮುಂದೆ ತಿರುಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಹೀಗಾಗಿ ಗಂಡಮ್ ಸಾವಧಾನದಲ್ಲಿ ನಿಂತ ಎನ್‌ಸಿಸಿ ಹುಡುಗನ ಹಾಗೆ ಕಾಣುತ್ತದೆ. ಹಳೆಯ ಕಡ್ಡಿ ಕತ್ತರಿಸಿ, ಸೊಂಟದ ಎರಡೂ ಪಕ್ಕ ಪಿನ್‌ವೈಸ್ ಎಂಬ ಸಣ್ಣ ಕೈ ಡ್ರಿಲ್‌ನಿಂದ 1, 2, 3 ಮಿ.ಮೀ. ಹೀಗೆ ಹಂತಹಂತವಾಗಿ ತೂತು ಕೊರೆದು, 3 ಮಿ.ಮೀ. ಕಡ್ಡಿಯ ಬಾಲ್ ಜಾಯಿಂಟ್ (ಎಲ್ಲ ದಿಕ್ಕಿಗೂ ತಿರುಗುವ ಗುಂಡು ಕೀಲು) ಕೂರಿಸಲಾಗಿದೆ. ಪ್ರತಿ ಕಾಲು 1.5 ಮಿ.ಮೀ. ಹೊರಗೆ ಬಂತು. ನಿಲುವು ಬದಲಾಗಲು ಅಷ್ಟೇ ಸಾಕಾಯಿತು. ನೇರ 3 ಮಿ.ಮೀ. ಬಿಟ್ ಹಾಕಿದರೆ ಅದು ಜಾರಿ, ತೂತು ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ, ಆಗ ಒಂದು ಕಾಲು ಗಿಡ್ಡ.

ಮೂರನೇ, ನಾಲ್ಕನೇ ವಾರ: ಅಂಚು ಅಳಿಸುವುದು

ಈ ಕಿಟ್‌ನಲ್ಲಿ ದಿನಗಳನ್ನು ತಿನ್ನುವುದು ಬಣ್ಣವಲ್ಲ, ಅಂಟು. ಇಲ್ಲಿ ಅವಸರ ಮಾಡಿದ್ದು ಕೊನೆಯ ಕೋಟ್ ಆದ ಮೇಲೂ ಕಣ್ಣಿಗೆ ರಾಚುತ್ತದೆ.

ಪ್ಲಾಸ್ಟಿಕ್ ಸಿಮೆಂಟ್ ಫೆವಿಕಾಲ್ ಹಾಗೆ ಅಂಟಿಸುವುದಿಲ್ಲ, ಪಾಲಿಸ್ಟೈರೀನನ್ನೇ ಕರಗಿಸಿ ಬೆಸೆಯುತ್ತದೆ. ಗಟ್ಟಿ ಸಿಮೆಂಟನ್ನು ಎರಡೂ ಅಂಚಿಗೆ ಧಾರಾಳವಾಗಿ ಬಳಿದು, ಅರ್ಧ ನಿಮಿಷ ಬಿಟ್ಟು, ಮತ್ತೊಮ್ಮೆ ಬಳಿದು ನಿಧಾನವಾಗಿ ಒತ್ತಬೇಕು. ಸರಿಯಾಗಿ ಆಗಿದ್ದರೆ ಅಂಚಿನುದ್ದಕ್ಕೂ ಕರಗಿದ ಪ್ಲಾಸ್ಟಿಕ್ ಹೊಳೆಯುವ ಸಣ್ಣ ದಾರದ ಹಾಗೆ ಉಬ್ಬಿ ಬರುತ್ತದೆ. ಆ ದಾರ ಎಲ್ಲಿ ಕಡಿಯಿತೋ ಅಲ್ಲಿ ಗೆರೆ ಉಳಿಯಿತೆಂದೇ ಲೆಕ್ಕ. ಉಬ್ಬಿದ್ದನ್ನು ಒರೆಸಬಾರದು, ಬೆರಳು ಸೋಕಿಸಲೂಬಾರದು. ಟೇಪ್ ಅಥವಾ ಕ್ಲಿಪ್ಪಿನಿಂದ ಬಿಗಿದು ಒಂದು ವಾರ ಬಿಡುವುದು.

ವಾರ ಯಾಕೆಂದರೆ, ಮೇಲ್ಮೈ ಮರುದಿನವೇ ಗಟ್ಟಿಯಾದರೂ ಒಳಗಿನ ದ್ರಾವಕ ಆರುತ್ತಲೇ ಇರುತ್ತದೆ, ಆರಿದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ. ಎರಡನೇ ದಿನ ಉಜ್ಜಿ ಕನ್ನಡಿ ಮಾಡಿದ ಅಂಚು ಬಣ್ಣ ಹೊಡೆದ ಹತ್ತು ದಿನಕ್ಕೆ ತಗ್ಗಿ ಗೆರೆ ಬೀಳುತ್ತದೆ. ಬಲ ಮುಂಗೈಯಲ್ಲಿ ಆದದ್ದು ಇದೇ. ಪ್ರೈಮರ್ ತೆಗೆದು ಮತ್ತೆ ಮೊದಲಿನಿಂದ.

ಉಜ್ಜಲು 400ರ ಎಮರಿ ಕಾಗದ, ಹಿಂದೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿ. ಸ್ಪಂಜಿನ ಮೇಲೆ ಕಾಗದ ಸುತ್ತಿದರೆ ಚಪ್ಪಟೆ ಮೈ ಗುಂಡಗಾಗಿ, ಗಂಡಮ್‌ನ ಮೂಲೆಗಳು ಸೋಪಿನ ಹಾಗೆ ಸವೆಯುತ್ತವೆ. ನಂತರ ಇನ್ನೂ ನಯವಾದ 600, 800. ಒಳಗೆ ದಪ್ಪ ಗೂಟ ಇರುವ ಕಡೆ ಹೊರಮೈ ತಗ್ಗಿರುತ್ತದೆ, ಅಚ್ಚಿನಲ್ಲಿ ಆರುವಾಗಲೇ ಎಳೆದುಕೊಂಡ ಗುಳಿ ಅದು. ಅದಕ್ಕೆ ಕಪ್ಪು ಸೂಪರ್ ಗ್ಲೂ. ಬಿಳಿ ಮೈಮೇಲೆ ಕಪ್ಪು ಎಷ್ಟು ಉಳಿದಿದೆ ಎಂದು ಕಾಣುತ್ತದೆ, ಎಷ್ಟು ಉಜ್ಜಬೇಕೆಂದು ತಿಳಿಯುತ್ತದೆ. ಗಟ್ಟಿಯಾದ ಒಂದೆರಡು ಗಂಟೆಯೊಳಗೆ ಉಜ್ಜಿಬಿಡಬೇಕು. ದಿನ ಕಳೆದರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಸುತ್ತಲಿನ ಪ್ಲಾಸ್ಟಿಕ್ ಮಾತ್ರ ಸವೆಯುತ್ತದೆ.

ತಲೆ

ಹಣೆಯ ಆಂಟೆನಾ ಮೊಂಡು. ತುದಿ ಅರ್ಧ ಮಿ.ಮೀ. ಆಗುವವರೆಗೆ ಹಿಂಬದಿಯಿಂದ ಮಾತ್ರ ಉಜ್ಜಿ ತೆಳುವಾಗಿಸಬೇಕು. ಮುಂದಿನಿಂದ ಉಜ್ಜಿದರೆ ಆಕಾರವೇ ಹೋಗುತ್ತದೆ. ಕೆಳಗೆ ಐಸ್‌ಕ್ರೀಂ ಕಡ್ಡಿಯ ಆಸರೆ ಇರಲಿ, ಮುರಿಯುವುದು ಯಾವಾಗಲೂ ಬುಡದಲ್ಲೇ.

ತಲೆಯ ಎರಡು ವಲ್ಕನ್ ಗನ್‌ಗಳು ಮೂಲ ಯಂತ್ರದಲ್ಲಿ 60 ಮಿ.ಮೀ. ನಳಿಕೆಯವು. 144ರಿಂದ ಭಾಗಿಸಿದರೆ 0.42. ಹಾಗಾಗಿ 0.4 ಮಿ.ಮೀ. ಬಿಟ್‌ನಿಂದ ಕೊರೆದರೆ ಅಳತೆಗೆ ಅಳತೆ ಕೂರುತ್ತದೆ. ಮೊದಲು ಸೂಜಿಯಿಂದ ಚುಕ್ಕೆ ಒತ್ತಿ, ಬಿಟ್‌ ಅನ್ನು ಬೆರಳ ತುದಿಯಲ್ಲಿ ತಿರುಗಿಸಬೇಕು. ಕೂದಲಿನಷ್ಟು ಓರೆಯಾದರೂ ಒಳಗೇ ಮುರಿಯುತ್ತದೆ. ಸಾಸಿವೆಯ ಕಾಲುಭಾಗವೂ ಇಲ್ಲದ ಆ ಎರಡು ತೂತು ಬಿದ್ದ ಕ್ಷಣ ಮುಖಕ್ಕೆ ಕಳೆ ಬಂತು. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಬೇರೆಲ್ಲೂ ಸಿಕ್ಕಿಲ್ಲ.

ಐದನೇ ವಾರ: ಬಣ್ಣ

1000ರ ಬೂದು ಪ್ರೈಮರ್ ಮೊದಲು, ಉಳಿದ ಗೀರು ಗುಳಿಗಳನ್ನೆಲ್ಲ ಅದು ತೋರಿಸಿಕೊಡುತ್ತದೆ. ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ) ಮೂತಿ 0.3 ಮಿ.ಮೀ., ಒತ್ತಡ 1 ಬಾರ್ ಆಸುಪಾಸು, ಲ್ಯಾಕರ್ ಬಣ್ಣ ಒಂದು ಪಾಲಿಗೆ ಥಿನ್ನರ್ ಎರಡು ಪಾಲು, ದೂರ 8 ಸೆಂ.ಮೀ. ಮೇಲ್ಮೈ ಮರಳಿನ ಹಾಗೆ ಒರಟಾದರೆ ಬಣ್ಣ ದಾರಿಯಲ್ಲೇ ಒಣಗುತ್ತಿದೆ ಎಂದರ್ಥ, ಹತ್ತಿರ ಹೋಗಬೇಕು ಅಥವಾ ಥಿನ್ನರ್ ಹೆಚ್ಚಿಸಬೇಕು.

ಬಿಳಿ ಅಪ್ಪಟ ಬಿಳಿಯಲ್ಲ. ಇಪ್ಪತ್ತು ಹನಿ ಬಿಳಿಗೆ ಒಂದು ಹನಿ ಬೂದು, ಕಡ್ಡಿಯ ತುದಿಯಲ್ಲಿ ಅಂಟಿದಷ್ಟು ನೀಲಿ. ಸಣ್ಣ ಆಕೃತಿಗೆ ಅಪ್ಪಟ ಬಿಳಿ ಹೊಡೆದರೆ ಆಳವೇ ಕಾಣುವುದಿಲ್ಲ. ಕೆಂಪು ಮತ್ತು ಹಳದಿಗೆ ಮುಚ್ಚುವ ಶಕ್ತಿ ಕಡಿಮೆ, ಬೂದಿನ ಮೇಲೆ ನೇರ ಹೊಡೆದರೆ ಹಳದಿ ಹಸಿರಾಡುತ್ತದೆ. ಎರಡಕ್ಕೂ ಕೆಳಗೆ ಗುಲಾಬಿ ಹೊಡೆದರೆ ಅನಿಮೇಷನ್ ಸೆಲ್‌ನಲ್ಲಿ (ಚಿತ್ರ ಬಿಡಿಸಿದ ಪಾರದರ್ಶಕ ಹಾಳೆ) ಕಾಣುವ ಆ ಗಾಢತೆ ಬರುತ್ತದೆ.

ಗುರಾಣಿಯ ಕೆಂಪು, ಅದರ ಬಿಳಿ ಅಂಚು, ನಡುವಿನ ನಾಲ್ಕು ಮೊನೆಯ ಹಳದಿ ನಕ್ಷತ್ರ, ಈ ಮೂರೂ ಒಂದೇ ಭಾಗದ ಮೇಲೆ ಬರಬೇಕು. ಬಿಳಿ ಒಣಗಿದ ಮೇಲೆ ಟೇಪ್ ಹಚ್ಚಿ, ಅದರ ಅಂಚಿಗೆ ಅದೇ ಬಿಳಿಯನ್ನು ಇನ್ನೊಮ್ಮೆ ತೆಳುವಾಗಿ ಹೊಡೆದು, ನಂತರ ಕೆಂಪು. ಟೇಪಿನಡಿ ಸಂದಿ ಇದ್ದರೆ ಮೊದಲು ನುಗ್ಗುವುದು ಬಿಳಿ. ಬಿಳಿಯ ಮೇಲೆ ಬಿಳಿ ಸೋರಿದರೆ ಯಾರಿಗೂ ಕಾಣದು, ಸಂದಿಯೂ ಮುಚ್ಚಿಹೋಗುತ್ತದೆ. ಟೇಪನ್ನು ಮೇಲಕ್ಕೆ ಎತ್ತಬಾರದು, ಅದರ ಮೇಲೇ ಮಡಚಿಕೊಂಡು ಹಿಂದಕ್ಕೆ ಎಳೆಯಬೇಕು.

ಕವಚದ ಸಂದುಗಳ ಗೆರೆಗಳಿಗೆ ಕಪ್ಪು ಬಳಸಿಲ್ಲ. 0.3 ಮಿ.ಮೀ. ಗೆರೆ ಪೂರ್ಣ ಗಾತ್ರದಲ್ಲಿ 43 ಮಿ.ಮೀ. ಸಂದು, ಅಷ್ಟು ಅಗಲದ ಕಪ್ಪು ಸಂದು ಬಿಳಿ ಕವಚದ ಮೇಲೆ ಬಿರುಕಿನ ಹಾಗೆ ಕಾಣುತ್ತದೆ. ಬಿಳಿಗೆ ತಿಳಿ ಬೂದು, ಕೆಂಪಿಗೆ ಕಂದು. ಗೆರೆಗಳಲ್ಲಿ ತೆಳು ಎನಾಮೆಲ್ ಬಣ್ಣ ಹರಿಸುವ ಮುನ್ನ ಹೊಳಪಿನ (ಗ್ಲಾಸ್) ಕೋಟ್ ಕಡ್ಡಾಯ. ಬಿಗಿಯಾಗಿ ಕೂತ ಬರಿ ಪ್ಲಾಸ್ಟಿಕ್‌ಗೆ ಎನಾಮೆಲ್ ಥಿನ್ನರ್ ಇಳಿದರೆ ಸೀಳು ಬಿಡುತ್ತದೆ. ಅಟೊಹಮೆ ಕೊಕ್ಕೆಗಳು ಮೊದಲ ಬಲಿ.

ಸದ್ಯದ ಸ್ಥಿತಿ

ಮುಂಡ, ಕೈ, ಕಾಲು ಮತ್ತು ಕಣ್ಣು ಬಿಟ್ಟು ತಲೆ ಮುಗಿದಿವೆ. ಹೊಳಪು ತಗ್ಗಿಸುವ ಕೊನೆಯ ಮ್ಯಾಟ್ ಕೋಟ್ ತಡೆಹಿಡಿಯಲಾಗಿದೆ. ಜುಲೈನ ಕರಾವಳಿ ಗಾಳಿಯಲ್ಲಿ ಸ್ಪ್ರೇ ಹೊಡೆದರೆ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು, ಕೆಂಪು ಪಾದ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಪರೀಕ್ಷೆಗೆ ಹೊಡೆದ ಚಮಚ ಹಾಗೇ ಆಯಿತು. ಒಣ ದಿನ ಹೊಳಪಿನ ಕೋಟ್ ತೆಳುವಾಗಿ ಹೊಡೆದ ಮೇಲೆ ಚಮಚದ ಬಿಳುಪು ಕರಗಿತು. ಆದರೆ ಮಾದರಿಯ ಮೇಲೆ ಆ ಪ್ರಯೋಗ ಬೇಡ. ತೇವಾಂಶ 65 ಶೇಕಡಾಗಿಂತ ಕೆಳಗಿಳಿಯುವ ಮಧ್ಯಾಹ್ನಕ್ಕೆ ಕಾಯುವುದು. ಅಷ್ಟರಲ್ಲಿ ಉಳಿದಿರುವುದು ಬೀಮ್ ರೈಫಲ್‌ನ ಅಂಚು ಅಳಿಸುವುದು, ಮತ್ತು ಅತಿ ಸಣ್ಣ 000 ಕುಂಚದಿಂದ ಕಣ್ಣು: ಮೊದಲು ಕಪ್ಪು ಗುಳಿ, ಅದು ಒಣಗಿದ ಮೇಲೆ ಹಳದಿ.